ದೇಹದ ಹೊಲಿಗೆ

ಚಳಿಗಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಪೆಟ್ಟಿಗೆಯ ತಳದಿಂದ ಕೌದಿ ಮೇಲೆ ಬರುತ್ತದೆ. ಹಳೆಯ ಸೀರೆ, ತಾತನ ಪಂಚೆ, ಮಗುವಿನ ಲಂಗ, ಹೀಗೆ ಹತ್ತಾರು ಬಟ್ಟೆಗಳನ್ನು ಒಂದರ ಮೇಲೊಂದು ಇರಿಸಿ ಹೊಲಿದ ಹೊದಿಕೆ ಅದು. ನೋಡುವವರ ಕಣ್ಣು ಹೋಗುವುದು ಬಣ್ಣಬಣ್ಣದ ತುಂಡುಗಳ ಮೇಲೆ. ಇದು ಅಜ್ಜಿಯ ಸೀರೆ, ಇದು ಅತ್ತೆಯ ರವಿಕೆ ಎಂದು ಮಕ್ಕಳು ಬೆರಳಿಟ್ಟು ಗುರುತಿಸುತ್ತಾರೆ. ಆದರೆ ಆ ತುಂಡುಗಳೆಲ್ಲ ಒಂದು ಕೌದಿಯಾಗಿ ನಿಂತಿರುವುದು ಯಾವುದರಿಂದ? ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಲುಸಾಲಾಗಿ ಓಡಿದ ದಾರದಿಂದ. ಆ ದಾರ ಜೀರ್ಣವಾದ ದಿನ ಉಳಿಯುವುದು ಚಿಂದಿಯ ಗಂಟು ಮಾತ್ರ.

ನಮ್ಮ ದೇಹದಲ್ಲಿಯೂ ಇಂಥದೊಂದು ದಾರ ಉಂಟು. ಹೃದಯ, ಮೆದುಳು, ಯಕೃತ್ತು, ಮೂತ್ರಪಿಂಡ ಇವುಗಳ ಹೆಸರನ್ನು ಎಲ್ಲರೂ ಬಲ್ಲರು. ಇವನ್ನೆಲ್ಲ ಅವುಗಳ ಸ್ಥಾನದಲ್ಲಿ ಹಿಡಿದಿಟ್ಟು, ಮಾಂಸವನ್ನು ಮೂಳೆಗೆ, ಮೂಳೆಯನ್ನು ಮೂಳೆಗೆ, ಚರ್ಮವನ್ನು ಅದರ ಕೆಳಗಿನ ಮಾಂಸಕ್ಕೆ ಕಟ್ಟಿರುವ ವಸ್ತುವಿನ ಹೆಸರನ್ನು ಕೇಳಿದವರು ಕಡಮೆ. ಅದಕ್ಕೆ ಸಂಯೋಜಕ ಅಂಗಾಂಶ ಎಂದು ಹೆಸರು. ಹೆಸರು ಭಾರವಾದದ್ದು, ಅರ್ಥ ಹಗುರವಾದದ್ದು: ಕೂಡಿಸಿ ಹಿಡಿಯುವಂಥದು, ಅಷ್ಟೆ.

ನಾನು ಬಹುಕಾಲ ವೈದ್ಯ ವಿದ್ಯಾರ್ಥಿಗಳಿಗೆ ಶರೀರ ರಚನೆಯ ಪಾಠ ಹೇಳಿದವನು. ಶವಚ್ಛೇದನದ ಮೇಜಿನ ಮುಂದೆ ನಿಂತ ಹೊಸ ವಿದ್ಯಾರ್ಥಿಗೆ ಒಂದು ನರವನ್ನೋ ರಕ್ತನಾಳವನ್ನೋ ಬೇಗ ಹುಡುಕಿ ತೋರಿಸುವ ಆತುರ. ನಡುವೆ ಜೇಡರ ಬಲೆಯಂತಹ ಬಿಳಿಯ ಪೊರೆ ಅಡ್ಡ ಬರುತ್ತದೆ. "ಅದನ್ನು ಕೆರೆದು ಹಾಕು, ಮುಖ್ಯವಾದದ್ದು ಕಾಣುತ್ತದೆ" ಎಂದು ನಾವು ಹೇಳಿಕೊಡುತ್ತಿದ್ದೆವು. ಸಂಜೆಯ ಹೊತ್ತಿಗೆ ಅದೆಲ್ಲ ಬಕೆಟ್ಟು ಸೇರುತ್ತಿತ್ತು. ಹಾಗೆ ಕೆರೆದು ಹಾಕಿದ್ದೇ ದೇಹದ ಹೊಲಿಗೆ ಎಂಬುದು ನನಗೆ ಮನದಟ್ಟಾದದ್ದು ಪುಸ್ತಕದಿಂದಲ್ಲ, ನನ್ನ ಕಾಲಿನಿಂದ. ಆ ಕಥೆಯನ್ನು ಮುಂದೆ ಹೇಳುತ್ತೇನೆ.

ಅಂಗಾಂಶ ಎಂದರೆ ಒಂದೇ ಬಗೆಯ ಕೆಲಸಕ್ಕಾಗಿ ಒಟ್ಟುಗೂಡಿದ ಜೀವಕೋಶಗಳ ಸಮೂಹ. ನಮ್ಮ ದೇಹದಲ್ಲಿ ಇಂಥವು ಮುಖ್ಯವಾಗಿ ನಾಲ್ಕು. ಹೊರಗಿನ ಚರ್ಮವನ್ನೂ ಒಳಗಿನ ನಾಳಗಳನ್ನೂ ಹೊದಿಸುವುದು ಒಂದು. ಸಂಕೋಚಗೊಂಡು ಚಲನೆಯನ್ನುಂಟುಮಾಡುವ ಮಾಂಸಖಂಡ ಇನ್ನೊಂದು. ಸುದ್ದಿಯನ್ನು ಒಯ್ಯುವ ನರಗಳದು ಮೂರನೆಯದು. ನಾಲ್ಕನೆಯದೇ ನಮ್ಮ ಇಂದಿನ ವಿಷಯ. ಮೊದಲನೆಯದರಲ್ಲಿ ಜೀವಕೋಶಗಳು ಗೋಡೆಯ ಇಟ್ಟಿಗೆಗಳಂತೆ ಒತ್ತಾಗಿ ಕುಳಿತಿರುತ್ತವೆ. ಸಂಯೋಜಕ ಅಂಗಾಂಶದಲ್ಲಿ ಹಾಗಲ್ಲ. ಅಲ್ಲಿ ಜೀವಕೋಶಗಳು ಮಲೆನಾಡಿನ ಒಂಟಿಮನೆಗಳಂತೆ ದೂರದೂರ. ಮನೆಗಿಂತ ಮನೆಯ ಸುತ್ತಣ ಜಮೀನೇ ಹೆಚ್ಚು. ಆ ಜಮೀನನ್ನು ಉತ್ತು ಬೆಳೆದವರು ಆ ಮನೆಯವರೇ ಎಂಬುದು ಇಲ್ಲಿನ ವಿಶೇಷ. ಜೀವಕೋಶವು ತನ್ನ ಸುತ್ತ ತಾನೇ ಎಳೆಗಳನ್ನು ನೂತು ಹರಡುತ್ತದೆ. ಎಳೆಗಳ ನಡುವೆ ತುಂಬುವ ಅಂಟಿನಂತಹ ದ್ರವ್ಯವನ್ನೂ ತಾನೇ ಸುರಿಸುತ್ತದೆ.

ಈ ತುಂಬು ದ್ರವ್ಯ ಎಲ್ಲೆಡೆಯೂ ಒಂದೇ ಬಗೆಯಲ್ಲ. ಅದು ಪಾಕದಂತೆ ಮೆತ್ತಗಿದ್ದರೆ ಚರ್ಮದ ಕೆಳಗಿನ ಪೊರೆ. ರಬ್ಬರಿನಂತೆ ಗಟ್ಟಿಯಾದರೆ ಮೃದ್ವಸ್ಥಿ, ಅಂದರೆ ಎಳೆಮೂಳೆ. ಸುಣ್ಣದ ಲವಣಗಳು ಸೇರಿ ಕಲ್ಲಿನಂತಾದರೆ ಮೂಳೆ. ನೀರಾಗಿಯೇ ಉಳಿದರೆ ರಕ್ತ. ರಕ್ತವನ್ನೂ ಮೂಳೆಯನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದನ್ನು ಕೇಳಿ ನೀವು ಹುಬ್ಬೇರಿಸಬಹುದು. ಆದರೆ ಭ್ರೂಣದಲ್ಲಿ ಎರಡೂ ಹುಟ್ಟುವುದು ಒಂದೇ ಪದರದಿಂದ. ನಮ್ಮ ಆಯುರ್ವೇದ ಹೇಳುವ ಸಪ್ತಧಾತುಗಳಲ್ಲಿ ರಕ್ತ, ಮೇದಸ್ಸು, ಅಸ್ಥಿ ಎಂಬ ಮೂರು ಇಂದಿನ ಲೆಕ್ಕದಲ್ಲಿ ಈ ಒಂದೇ ಮನೆತನಕ್ಕೆ ಸೇರಿದವು.

ಮೊದಲು ಎಳೆಯ ವಿಚಾರ. ಎಳೆಗಳಲ್ಲಿ ಮುಖ್ಯವಾದದ್ದು ಕಾಲಜನ್. ನಮ್ಮ ದೇಹದ ಪ್ರೋಟೀನಿನಲ್ಲಿ ಹೆಚ್ಚುಕಡಮೆ ಕಾಲುಭಾಗಕ್ಕೂ ಮೀರಿ ಇದೊಂದೇ ಇದೆ. ಹದ ಮಾಡಿದ ಚರ್ಮ, ಅಂದರೆ ನಿಮ್ಮ ಚಪ್ಪಲಿ, ಕೈಚೀಲ, ಎಲ್ಲವೂ ಮುಖ್ಯವಾಗಿ ಕಾಲಜನ್ನೇ. ಬಡಗಿಯು ಕಾಯಿಸಿ ಹಚ್ಚುತ್ತಿದ್ದ ಹಳೆಯ ಕಾಲದ ಮರವಜ್ರವೂ ಮೂಳೆ ಚರ್ಮಗಳನ್ನು ಕುದಿಸಿ ತೆಗೆದ ಇದೇ ವಸ್ತು.

ಈ ಎಳೆಯ ಹುರಿ ಹೇಗಿದೆ ಎಂಬ ಪ್ರಶ್ನೆ ಬಹುಕಾಲ ವಿಜ್ಞಾನಿಗಳನ್ನು ಕಾಡಿತ್ತು. ಉತ್ತರ ಹೊರಟದ್ದು ನಮ್ಮ ಪಕ್ಕದ ಮದ್ರಾಸಿನಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು ಮದ್ರಾಸು ವಿಶ್ವವಿದ್ಯಾನಿಲಯದಲ್ಲಿದ್ದಾಗ, ಗೋಪಿನಾಥ ಕರ್ತ ಅವರೊಡನೆ ಎಕ್ಸ್ ಕಿರಣಗಳ ಚಿತ್ರಗಳನ್ನು ಅಭ್ಯಸಿಸಿ, ೧೯೫೪ರಲ್ಲಿಯೂ ೧೯೫೫ರಲ್ಲಿಯೂ ಪ್ರಕಟಿಸಿದ ಲೇಖನಗಳಲ್ಲಿ ಅದನ್ನು ವಿವರಿಸಿದರು. ಕಾಲಜನ್ ಎಂಬುದು ಮೂರು ಎಳೆ ಸೇರಿಸಿ ಹೊಸೆದ ಹುರಿ. ಪ್ರತಿಯೊಂದು ಎಳೆಯಲ್ಲಿಯೂ ಮೂರನೆಯ ಸ್ಥಾನಕ್ಕೊಮ್ಮೆ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲ ಬರಲೇಬೇಕು; ಅದು ಚಿಕ್ಕದಾದ್ದರಿಂದಲೇ ಮೂರು ಎಳೆಗಳು ಅಷ್ಟು ಬಿಗಿಯಾಗಿ ಹೆಣೆದುಕೊಳ್ಳಬಲ್ಲವು. ಹಗ್ಗ ಹೊಸೆಯುವವರು ಇದನ್ನು ಕೇಳಿದರೆ ತಲೆದೂಗಿಯಾರು. ರಾಮಚಂದ್ರನ್ ಅವರು ಆಮೇಲೆ ಬೆಂಗಳೂರಿಗೇ ಹಿಂದಿರುಗಿ, ತಾವು ಕಲಿತ ಸಂಸ್ಥೆಯಲ್ಲಿ ಜೀವಾಣುಗಳ ಭೌತವಿಜ್ಞಾನಕ್ಕಾಗಿಯೇ ಒಂದು ವಿಭಾಗವನ್ನು ಕಟ್ಟಿದರು.

ಹುರಿ ಗಟ್ಟಿಯಾಗಿ ನಿಲ್ಲಬೇಕಾದರೆ ಇನ್ನೊಂದು ಸಹಾಯ ಬೇಕು. ಅದು ಸಿ ಜೀವಸತ್ವ. ಅದಿಲ್ಲದೆ ಎಳೆಗಳ ನಡುವೆ ಹಾಕಬೇಕಾದ ಗಂಟುಗಳು ಬೀಳುವುದಿಲ್ಲ. ಇದರಿಂದ ಆಗುವ ಅನಾಹುತವನ್ನು ಹಿಂದಿನ ಕಾಲದ ನಾವಿಕರು ಅನುಭವಿಸಿದರು. ತಿಂಗಳುಗಟ್ಟಲೆ ಸಮುದ್ರದಲ್ಲಿ ಒಣ ರೊಟ್ಟಿ, ಉಪ್ಪು ಹಾಕಿದ ಮಾಂಸ ಇಷ್ಟರಲ್ಲೇ ಕಾಲ ಕಳೆದವರಿಗೆ ವಸಡು ಊದಿ ರಕ್ತ ಸೋರುತ್ತಿತ್ತು, ಹಲ್ಲು ಅಲುಗಾಡುತ್ತಿತ್ತು, ಮೈಮೇಲೆ ಕಪ್ಪು ಕಲೆಗಳು ಏಳುತ್ತಿದ್ದವು. ಇದೇ ಸ್ಕರ್ವಿ ರೋಗ. ೧೭೪೦ರಲ್ಲಿ ಇಂಗ್ಲೆಂಡಿನಿಂದ ಹೊರಟ ಆನ್ಸನ್ ಎಂಬ ನೌಕಾಧಿಪತಿಯ ಯಾತ್ರೆಯ ವೃತ್ತಾಂತದಲ್ಲಿ ಒಂದು ಸಂಗತಿ ಬರುತ್ತದೆ. ೧೬೯೦ರ ಬಾಯ್ನ್ ಯುದ್ಧದಲ್ಲಿ ಗಾಯಗೊಂಡು ವಾಸಿಯಾಗಿದ್ದ ಒಬ್ಬ ಮುದುಕನ ಗಾಯಗಳು ಐವತ್ತು ವರ್ಷಗಳ ಮೇಲೆ ಮತ್ತೆ ಬಾಯಿಬಿಟ್ಟವು! ಎಂದೋ ಕೂಡಿಕೊಂಡಿದ್ದ ಮುರಿದ ಮೂಳೆಯೂ ಬಿಚ್ಚಿಕೊಂಡಿತು. ಇದರಿಂದ ನಾವು ತಿಳಿಯಬೇಕಾದದ್ದು ಏನು? ಗಾಯದ ಕಲೆ ಎಂದರೆ ಒಮ್ಮೆ ಹೊಲಿದು ಮರೆತುಬಿಟ್ಟ ಹರಕಲ್ಲ. ದೇಹ ಅದನ್ನು ಒಳಗೊಳಗೇ ಬಿಚ್ಚಿ ಮತ್ತೆ ಹೊಲಿಯುತ್ತಲೇ ಇರುತ್ತದೆ. ದಾರ ತೀರಿದರೆ ಹಳೆಯ ಹೊಲಿಗೆಯೂ ಬಿಡುತ್ತದೆ.

೧೭೪೭ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೊತೆ ಮಾಡಿ ಒಂದೊಂದು ಜೊತೆಗೆ ಒಂದೊಂದು ಔಷಧಿ ಕೊಟ್ಟು ನೋಡಿದ. ದಿನಕ್ಕೆ ಎರಡು ಕಿತ್ತಲೆ, ಒಂದು ನಿಂಬೆ ತಿಂದ ಜೊತೆ ಆರೇ ದಿನದಲ್ಲಿ ಚೇತರಿಸಿಕೊಂಡಿತು. ಆದರೂ ಬ್ರಿಟಿಷ್ ನೌಕಾಪಡೆ ತನ್ನ ನಾವಿಕರಿಗೆಲ್ಲ ನಿಂಬೆಯ ರಸ ಕೊಡಲು ತೊಡಗಿದ್ದು ೧೭೯೫ರಲ್ಲಿ. ತಿಳಿದದ್ದನ್ನು ಆಚರಣೆಗೆ ತರಲು ಅರ್ಧ ಶತಮಾನ! ನಮಗೆ ಅಷ್ಟು ಕಾಲ ಬೇಕಿಲ್ಲ. ನಿಂಬೆ, ಸೀಬೆ, ನಿಂಬೆಗಿಂತ ಅನೇಕ ಪಟ್ಟು ಹೆಚ್ಚು ಸಿ ಜೀವಸತ್ವವಿರುವ ನೆಲ್ಲಿಕಾಯಿ ನಮ್ಮ ಸಂತೆಗಳಲ್ಲಿಯೇ ಸಿಗುತ್ತವೆ. ಒಂದು ಎಚ್ಚರಿಕೆ ಮಾತ್ರ: ಬಹಳ ಹೊತ್ತು ಬೇಯಿಸಿದರೆ ಈ ಜೀವಸತ್ವ ಬಹುಮಟ್ಟಿಗೆ ಹಾಳಾಗುತ್ತದೆ. ಚಿತ್ರಾನ್ನಕ್ಕಾಗಲಿ ಸಾರಿಗಾಗಲಿ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡುವ ನಮ್ಮ ಹೆಂಗಸರ ವಾಡಿಕೆ ಒಳ್ಳೆಯದು.

ಈಗ ಬಗೆಗಳನ್ನು ಒಂದೊಂದಾಗಿ ನೋಡೋಣ. ನಿಮ್ಮ ಮುಂಗೈಯ ಚರ್ಮವನ್ನು ಎರಡು ಬೆರಳಿನಿಂದ ಎತ್ತಿ ಬಿಡಿ. ಅದು ಸುಲಭವಾಗಿ ಮೇಲೆದ್ದು, ಬಿಟ್ಟೊಡನೆ ಹಿಂದಿರುಗುತ್ತದೆ. ಮೇಲೇಳುವುದಕ್ಕೆ ಕಾರಣ ಕೆಳಗಿರುವ ಸಡಿಲ ಹೆಣಿಗೆಯ ಪೊರೆ. ಹಿಂದಿರುಗುವುದಕ್ಕೆ ಕಾರಣ ಎಲಾಸ್ಟಿನ್ ಎಂಬ ಹಿಗ್ಗುವ ಎಳೆ. ಈ ಎಳೆಯನ್ನು ದೇಹ ಹೆಚ್ಚಾಗಿ ನೂಲುವುದು ಬಾಲ್ಯದಲ್ಲಿ. ಆಮೇಲೆ ಜೀವಮಾನವೆಲ್ಲ ಬಹುಮಟ್ಟಿಗೆ ಆ ದಾಸ್ತಾನಿನಲ್ಲಿಯೇ ಕಳೆಯಬೇಕು. ಬಿಸಿಲೂ ಹೊಗೆಸೊಪ್ಪಿನ ಹೊಗೆಯೂ ಅದನ್ನು ಬೇಗ ಹರಿಯುತ್ತವೆ. ಮುಖದ ಸುಕ್ಕು ಅದರ ಗುರುತು. ಕಾಲು ಬಾತುಕೊಂಡಾಗ ನೀರು ನಿಲ್ಲುವುದೂ ಈ ಸಡಿಲ ಪೊರೆಯಲ್ಲಿಯೇ. ಅದರ ನೆರೆಯ ಕೊಬ್ಬನ್ನು ನಾವು ಬಯ್ಯುತ್ತೇವೆ. ಅತಿಯಾದರೆ ಬಯ್ಯಬೇಕಾದದ್ದೇ. ಆದರೆ ಮೂತ್ರಪಿಂಡದ ಸುತ್ತ ಹಾಸಿಗೆಯಾಗಿ, ಹಿಮ್ಮಡಿಯ ಕೆಳಗೆ ಮೆತ್ತೆಯಾಗಿ, ಉಪವಾಸದ ದಿನಕ್ಕೆ ಕಣಜವಾಗಿ ಅದು ಮಾಡುವ ಸೇವೆಯನ್ನು ಮರೆಯಬಾರದು.

ಇನ್ನು ಬಿಗಿ ಹೆಣಿಗೆ. ಇದರಲ್ಲಿ ಎರಡು ಹಗ್ಗಗಳು. ಮಾಂಸಖಂಡವನ್ನು ಮೂಳೆಗೆ ಕಟ್ಟುವುದು ಸ್ನಾಯುರಜ್ಜು. ಮೂಳೆಯನ್ನು ಮೂಳೆಗೆ ಕಟ್ಟುವುದು ಅಸ್ಥಿರಜ್ಜು. ಹಿಮ್ಮಡಿಯ ಮೇಲೆ ಹಿಂಭಾಗದಲ್ಲಿ ಬೆರಳಿಟ್ಟು ನೋಡಿ. ಬಿಗಿದ ತಂತಿಯಂತೆ ಸಿಗುವುದೇ ದೇಹದ ಅತಿ ದಪ್ಪನಾದ ಸ್ನಾಯುರಜ್ಜು. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವುದು ಅದು. ಓಡುವಾಗ ಅದು ನಮ್ಮ ಮೈತೂಕದ ಹಲವು ಪಟ್ಟು ಸೆಳೆತವನ್ನು ತಾಳುತ್ತದೆ.

ಇಲ್ಲಿ ಮಾತಿನ ತೊಡಕೊಂದಿದೆ. ಜನ ಇವನ್ನೆಲ್ಲ 'ನರ' ಎನ್ನುತ್ತಾರೆ. "ನರ ಹಿಡಿದುಕೊಂಡಿದೆ", "ನರ ಸರಿದಿದೆ" ಎಂಬುದು ದಿನನಿತ್ಯದ ಮಾತು. ಇವು ಸುದ್ದಿ ಒಯ್ಯುವ ನರಗಳಲ್ಲ, ಹಗ್ಗಗಳು. 'ಸ್ನಾಯು' ಎಂಬ ಮಾತನ್ನು ನಾವಿಂದು ಮಾಂಸಖಂಡಕ್ಕೆ ಬಳಸುತ್ತೇವೆ. ಸುಶ್ರುತ ಸಂಹಿತೆಯಲ್ಲಿ ಆ ಮಾತು ಈ ಹಗ್ಗಗಳಿಗೇ ಸಲ್ಲುತ್ತಿತ್ತು. ಹಲಗೆಗಳನ್ನು ಹಗ್ಗದಿಂದ ಬಿಗಿದು ಕಟ್ಟಿದ ದೋಣಿ ನೀರಿನ ಮೇಲೆ ಭಾರ ಹೊರುವಂತೆ, ಸ್ನಾಯುಗಳಿಂದ ಕಟ್ಟಲ್ಪಟ್ಟ ಸಂಧಿಗಳಿಂದ ಮನುಷ್ಯ ಭಾರ ಹೊರುತ್ತಾನೆ ಎಂಬ ಹೋಲಿಕೆ ಅಲ್ಲಿದೆ. ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ತರಗತಿಯಲ್ಲಿ ಕೊಡಲಾರದೆ ಹೋದೆ.

ಈಗ ನನ್ನ ಕಾಲಿನ ಕಥೆ. ನಾನಾಗ ತರುಣ, ವೈದ್ಯ ಪದವಿ ಪಡೆದು ಒಂದೆರಡು ವರ್ಷವಾಗಿತ್ತು. ಊರಿಗೆ ಹೋಗಿದ್ದಾಗ ಬಾವಿಯ ಮೆಟ್ಟಿಲಿನಲ್ಲಿ ಪಾದ ಒಳಕ್ಕೆ ಮಡಚಿ ಕಾಲಿನ ಗಿಣ್ಣು ಉಳುಕಿತು. ಗಂಟೆಯೊಳಗೆ ಬದನೆಕಾಯಿಯಷ್ಟು ಊದಿಕೊಂಡಿತು. ಮನೆಯ ಹಿರಿಯರು ಉಳುಕು ತೆಗೆಯುವವರೊಬ್ಬರನ್ನು ಕರೆಸಿದರು. ಅವರು ಬಿಸಿ ಎಣ್ಣೆ ಹಚ್ಚಿ, ಬಲವಾಗಿ ತಿಕ್ಕಿ, 'ಲಟಕ್' ಎನ್ನುವಂತೆ ಎಳೆದರು. ಹಿರಿಯರ ಮಾತಿಗೆ ಎದುರಾಡಬಾರದೆಂಬ ಸಂಕೋಚದಿಂದ ನಾನು ಸುಮ್ಮನಿದ್ದೆ; ಮದುವೆಯ ಮನೆಯಲ್ಲಿ ಓಡಾಡುವ ಆಸೆಯೂ ಇತ್ತೆನ್ನಿ. ಮರುದಿನವೇ ಕುಂಟುತ್ತ ನಡೆದಾಡಿದೆ. ಅರೆಹರಿದಿದ್ದ ಅಸ್ಥಿರಜ್ಜು ಸರಿಯಾಗಿ ಕೂಡಿಕೊಳ್ಳಲೇ ಇಲ್ಲ. ಇಂದಿಗೂ ಏರುಪೇರಾದ ಹಾದಿಯಲ್ಲಿ ಆ ಗಿಣ್ಣು ಮಗುಚಿಕೊಳ್ಳುತ್ತದೆ. ತಪ್ಪು ಎಣ್ಣೆ ತಿಕ್ಕಿದವರದಲ್ಲ. ಅವರು ಬಲ್ಲದ್ದನ್ನು ಮಾಡಿದರು. ಬಲ್ಲದ್ದನ್ನು ಹೇಳದೆ ಕುಳಿತವನು ನಾನು.

ಆದ್ದರಿಂದ ನಿಮಗೆ ಸ್ಪಷ್ಟವಾಗಿ ಹೇಳುತ್ತೇನೆ. ಉಳುಕಿದ ಮೊದಲ ಎರಡು ಮೂರು ದಿನ ತಿಕ್ಕಬೇಡಿ, ಎಳೆಯಬೇಡಿ, ಕಾಯಿಸಬೇಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಗಾಗ ಸ್ವಲ್ಪ ಹೊತ್ತು ಇಡಬಹುದು. ಹಿಗ್ಗುವ ಪಟ್ಟಿಯನ್ನು ಹಿತವಾಗಿ ಸುತ್ತಿ, ಮಲಗಿದಾಗ ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಇಲ್ಲವೆ ಮೂಳೆಯ ಮೇಲೆಯೇ ಒತ್ತಿದಾಗ ನೋವಿದ್ದರೆ, ಮೂಳೆ ಮುರಿದಿರಬಹುದು. ಎಕ್ಸ್ ಕಿರಣದ ಚಿತ್ರ ತೆಗೆಸಿ. ಮೂಳೆ ಮುರಿದಿಲ್ಲವಾದರೆ ನೋವು ಇಳಿದಂತೆ ಕಾಲನ್ನು ನಿಧಾನವಾಗಿ ಆಡಿಸಲು ತೊಡಗಬೇಕು. ವಾರಗಟ್ಟಲೆ ಅಲುಗಿಸದೆ ಇಡುವುದೂ ಒಳ್ಳೆಯದಲ್ಲ. ಹಗ್ಗಕ್ಕೆ ರಕ್ತದ ಪೂರೈಕೆ ಕಡಮೆ, ಆದ್ದರಿಂದ ಅದು ಕೂಡಿಕೊಳ್ಳುವುದೂ ನಿಧಾನ. ಕೂಡಿಕೊಳ್ಳುವ ಹೊಸ ಎಳೆಗಳು ಸೆಳೆತದ ದಿಕ್ಕನ್ನು ನೋಡಿಕೊಂಡೇ ಸಾಲಾಗುತ್ತವೆ.

ಮೃದ್ವಸ್ಥಿಯ ಕಥೆ ಇನ್ನೂ ಕಷ್ಟದ್ದು. ಕಿವಿಯ ಹಾಲೆಯ ಮೇಲ್ಭಾಗ, ಮೂಗಿನ ತುದಿ, ಉಸಿರು ನಾಳದ ಬಳೆಗಳು, ಬೆನ್ನೆಲುಬಿನ ಮಣಿಗಳ ನಡುವಿನ ಬಿಲ್ಲೆಗಳು, ಕೀಲುಗಳೊಳಗೆ ಮೂಳೆಯ ತುದಿಗೆ ಹೊದಿಸಿದ ನುಣುಪಾದ ಪದರ ಇವೆಲ್ಲ ಮೃದ್ವಸ್ಥಿಯ ನಾನಾ ಬಗೆಗಳು. ಬೆನ್ನಿನ ಬಿಲ್ಲೆಗಳು ಹಗಲೆಲ್ಲ ಒತ್ತಿ ತೆಳುವಾಗಿ, ರಾತ್ರಿ ನೀರು ಹೀರಿ ಉಬ್ಬುತ್ತವೆ. ಆದ್ದರಿಂದ ಬೆಳಗ್ಗೆ ನಾವು ರಾತ್ರಿಗಿಂತ ಸುಮಾರು ಒಂದು ಸೆಂಟಿಮೀಟರು ಎತ್ತರ! ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಕೀಲಿನ ಜಿಡ್ಡುನೀರು ಒಳಕ್ಕೆ ಹೊರಕ್ಕೆ ಜಿನುಗುವುದರಿಂದಲೇ ಅದರ ಪೋಷಣೆ. ಆ ಜಿನುಗುವಿಕೆಗೆ ನಡಿಗೆಯೇ ಪಂಪು. ಒಮ್ಮೆ ಸವೆದರೆ ಮತ್ತೆ ಬೆಳೆಯದು ಎಂಬುದನ್ನು ವಿಲಿಯಂ ಹಂಟರ್ ಎಂಬ ಶರೀರ ರಚನಾ ಪಂಡಿತ ೧೭೪೩ರಲ್ಲಿಯೇ ಬರೆದ. ಇಂದಿನ ವೈದ್ಯವಿಜ್ಞಾನವೂ ಈ ಮಾತನ್ನು ಪೂರ್ತಿಯಾಗಿ ಸುಳ್ಳುಮಾಡಿಲ್ಲ. ಮಂಡಿ ತೀರ ಸವೆದವರಿಗೆ ಲೋಹದ ಕೀಲು ಕೂಡಿಸುವುದು ಇದಕ್ಕಾಗಿಯೇ.

ಹುಟ್ಟಿನಿಂದಲೇ ಈ ಹೆಣಿಗೆಯಲ್ಲಿ ದೋಷವಿರುವ ನತದೃಷ್ಟರೂ ಉಂಟು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯ ಹೆಸರು ೧೯೭೦ರ ದಶಕದ ನಡುವಿನಲ್ಲಿ ಒಂದು ಕಾಯಿಲೆಯ ಹೆಸರೇ ಆಗಿಹೋಯಿತು. ಕೂಲಿ ಮಾಡಿ ಬದುಕುವ ಬಡ ಸಂಸಾರಗಳಲ್ಲಿ ಸೊಂಟದ ಕೀಲು, ಮಂಡಿಗಳು ಸವೆದು, ಕೆಲವರು ಕುಳ್ಳಾಗಿ, ನಡೆಯಲಾರದೆ ಹೋದರು. ಮೊದಮೊದಲು ಏನೇನೋ ಕಾರಣಗಳನ್ನು ಶಂಕಿಸಿದರು. ಮೂಳೆಯ ತುದಿಗಳ ಬೆಳವಣಿಗೆಯನ್ನು ಕೆಡಿಸುವ ಈ ದೋಷ ವಂಶಪಾರಂಪರ್ಯವಾಗಿ ಬರುವಂಥದು ಎಂಬುದು ಮುಂದಿನ ಸಂಶೋಧನೆಗಳಿಂದ ತಿಳಿದುಬಂತು. ಕೂಲಿಯ ಜೀವನಕ್ಕೆ ಕಾಲೇ ಬಂಡವಾಳ. ಅಂಥವರ ಕೀಲು ಸವೆಯುವುದೆಂದರೆ ಏನೆಂಬುದನ್ನು ನೀವೇ ಊಹಿಸಬಹುದು.

ಮೂಳೆಯನ್ನು ನಾವು ಕಲ್ಲಿನಂತೆ ನಿರ್ಜೀವ ಎಂದುಕೊಳ್ಳುತ್ತೇವೆ. ಅದು ಸರಿಯಲ್ಲ. ಕೋಳಿಯ ಕಾಲಿನ ಮೂಳೆಯೊಂದನ್ನು ಕೆಲವು ದಿನ ವಿನೆಗರಿನಲ್ಲಿ ನೆನೆಹಾಕಿದರೆ ಸುಣ್ಣವೆಲ್ಲ ಕರಗಿ, ಉಳಿದ ಮೂಳೆ ರಬ್ಬರಿನಂತೆ ಬಾಗುತ್ತದೆ. ಬಾಗುವ ಆ ವಸ್ತುವೇ ಕಾಲಜನ್. ಅದೇ ಮೂಳೆಯನ್ನು ಬೆಂಕಿಯಲ್ಲಿ ಸುಟ್ಟರೆ ಕಾಲಜನ್ ಹೋಗಿ ಸುಣ್ಣ ಉಳಿಯುತ್ತದೆ, ಮುಟ್ಟಿದರೆ ಪುಡಿ. ಎರಡೂ ಕೂಡಿದರೇ ಮೂಳೆ. ಬೆಳೆದವರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಒಡೆದು ಮತ್ತೆ ಕಟ್ಟಲ್ಪಡುತ್ತದೆ. ಭಾರ ಹೊತ್ತರೆ ಮೂಳೆ ಗಟ್ಟಿಯಾಗುತ್ತದೆ, ಹೊರದಿದ್ದರೆ ಕರಗುತ್ತದೆ. ತೂಕವೇ ಇಲ್ಲದ ಅಂತರಿಕ್ಷದಲ್ಲಿ ಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ ಒಂದರಷ್ಟು ಸವೆಯುವುದುಂಟು.

ಮೂಳೆಗೆ ನಮ್ಮ ನಾಡಿನಲ್ಲಿ ಇನ್ನೊಬ್ಬ ಶತ್ರುವಿದ್ದಾನೆ. ಕೋಲಾರ, ಚಿಕ್ಕಬಳ್ಳಾಪುರ, ಗದಗ, ರಾಯಚೂರು ಮೊದಲಾದ ಜಿಲ್ಲೆಗಳ ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚು. ಲೀಟರಿಗೆ ಒಂದು ಮಿಲಿಗ್ರಾಮಿನೊಳಗೆ ಇರಬೇಕು. ಬೇರೆ ನೀರಿಲ್ಲದಿದ್ದರೆ ಒಂದೂವರೆಯವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ಬಾಲ್ಯದಿಂದ ಕುಡಿದವರ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನೂ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಬಾಗಬೇಕಾದ ಅಸ್ಥಿರಜ್ಜುಗಳಿಗೇ ಸುಣ್ಣ ಕಟ್ಟಿ, ಬೆನ್ನು ಹಲಗೆಯಂತೆ ಸೆಟೆಯುತ್ತದೆ. ನೀರನ್ನು ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಹೀಗೆ ಕಟ್ಟಿದ ಸುಣ್ಣವನ್ನು ಬಿಡಿಸುವ ಔಷಧವಿಲ್ಲ. ನೀರನ್ನು ಬದಲಿಸುವುದೊಂದೇ ಉಪಾಯ. ಆ ಕಡೆಯ ಊರುಗಳಲ್ಲಿರುವವರು ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ. ಶುದ್ಧೀಕರಿಸಿದ ನೀರನ್ನೋ ಶುಚಿಯಾಗಿ ಹಿಡಿದಿಟ್ಟ ಮಳೆಯ ನೀರನ್ನೋ ಕುಡಿಯಲು ಬಳಸಿ.

ಕೊನೆಯದು ರಕ್ತ. ಬೆಳೆದವರಲ್ಲಿ ಸುಮಾರು ಐದು ಲೀಟರು. ಇದರಲ್ಲಿ ಎಳೆ ಎಲ್ಲಿದೆ ಎಂದು ನೀವು ಕೇಳಬಹುದು. ಕರಗಿದ ರೂಪದಲ್ಲಿ ಅಡಗಿದೆ. ತರಕಾರಿ ಹೆಚ್ಚುವಾಗ ಬೆರಳು ಕುಯ್ದ ಕ್ಷಣವೇ ಆ ದ್ರವದಿಂದ ಫೈಬ್ರಿನ್ ಎಂಬ ಸಣ್ಣ ನೂಲುಗಳು ಎದ್ದು ಬಲೆ ನೇಯ್ದು ಗಾಯದ ಬಾಯನ್ನು ಮುಚ್ಚುತ್ತವೆ. ಆಮೇಲೆ ಕಾಲಜನ್ ನೂಲುವ ಜೀವಕೋಶಗಳು ಬಂದು ಆ ತಾತ್ಕಾಲಿಕ ತೇಪೆಯ ಜಾಗದಲ್ಲಿ ಶಾಶ್ವತವಾದ ಹೊಲಿಗೆ ಹಾಕುತ್ತವೆ.

ಈಗೀಗ ಅಂಗಡಿಗಳಲ್ಲಿ ಕಾಲಜನ್ ಪುಡಿಯ ಡಬ್ಬಿಗಳು ದುಬಾರಿ ಬೆಲೆಗೆ ಮಾರಾಟವಾಗುತ್ತಿವೆ. ತಿಂದ ಕಾಲಜನ್ ಕಾಲಜನ್ನಾಗಿಯೇ ಹೋಗಿ ಮಂಡಿಗೆ ಅಂಟಿಕೊಳ್ಳುವುದಿಲ್ಲ. ಹೊಟ್ಟೆ ಕರುಳುಗಳು ಅದನ್ನು ಬೇಳೆ, ಮೊಸರು, ಮೊಟ್ಟೆಯ ಪ್ರೋಟೀನಿನಂತೆಯೇ ಬಿಡಿಬಿಡಿಯಾಗಿ ಒಡೆಯುತ್ತವೆ. ಆ ಬಿಡಿಭಾಗಗಳಿಂದ ದಾರ ನೂಲುವ ಕೆಲಸ ದೇಹದ್ದು. ಅದಕ್ಕೆ ಸಾಮಗ್ರಿ ಒದಗಿಸುವುದಷ್ಟೇ ನಮ್ಮದು: ದಿನವೂ ಸಾಕಷ್ಟು ಬೇಳೆಕಾಳು, ಒಂದಿಷ್ಟು ಹುಳಿಹಣ್ಣು, ಒಳ್ಳೆಯ ನೀರು, ಸ್ವಲ್ಪ ಬೆಳಗಿನ ನಡಿಗೆ, ಪೆಟ್ಟಾದಾಗ ಅವಸರ ಪಡದೆ ಕಾಯುವ ತಾಳ್ಮೆ.

ಕೌದಿಯ ದಾರ ಸಡಿಲವಾದರೆ ಅಜ್ಜಿ ಮತ್ತೆ ಸೂಜಿ ಹಿಡಿದು ಕೂಡುತ್ತಾಳೆ. ನಮ್ಮೊಳಗೂ ಒಬ್ಬ ಹೊಲಿಗೆಯವಳು ಹಗಲೂ ರಾತ್ರಿ ಕುಳಿತಿದ್ದಾಳೆ. ಅವಳ ಕೈಗೆ ದಾರ ಕೊಡೋಣ. ಅವಳು ಹೊಲಿಯುತ್ತಿರುವಾಗ ಬಟ್ಟೆಯನ್ನು ಹಿಡಿದೆಳೆಯದಿರೋಣ. ನನ್ನ ಕಾಲು ನನಗೆ ಕಲಿಸಿದ ಪಾಠ ಇಷ್ಟು.